ಜೂನ್ ಒಂದರಂದು ಹುಟ್ಟಿದವರ ಸಿನಿಮಾ

ಈ ಸೆನ್ಸಾರಿನವರು ಯುಎ ಅನ್ನೋದನ್ನೂ ಮೂರು ಪಾಲು ಮಾಡಿಟ್ಟಾರಲ್ಲ ಕಾಕಾ, 2024ರಾಗ? ಏಳು ವರ್ಷದ ಮೇಲಿನವರಿಗೊಂದು, ಹದಿಮೂರರ ಮೇಲಿನವರಿಗೊಂದು, ಹದಿನಾರರ ಮೇಲಿನವರಿಗೊಂದು. ಮಗು ಸಣ್ಣದಿದ್ದರೆ ತೋರಿಸಬೇಕೋ ಬ್ಯಾಡೋ ಅನ್ನೋದು ಅವರವರ ಅಪ್ಪ-ಅವ್ವನಿಗೆ ಬಿಟ್ಟಿದ್ದು. ಲೆಕ್ಕ ಚಂದ ಐತಿ, ಆದರೆ ನಮ್ಮ ಹುಲಕೋಟಿಯಲ್ಲಿ ವಯಸ್ಸು ಹೇಳೋರು ಯಾರು? ನಮ್ಮ ವಾರಿಗೆಯವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು! ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ಬರೆದುಬಿಟ್ಟರು ಜೂನ್ ಒಂದು. ಆ ತಾರೀಖಿನ ಮೇಲೇ ನೌಕರಿ ಮಾಡಿ ಪಿಂಚಣಿ ತಗೊಂಡವರು ನಾವು. ನಮ್ಮನ್ನು ಯಾವ ಪಾಲಿಗೆ ಸೇರಿಸ್ತಾರೋ, ಅಲ್ಲೇನ್ರಿ?

ಇನ್ನು ಟಾಕೀಜಿನ ಬಾಗಿಲು ಕಾಯುವವನು ವಯಸ್ಸು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಗಿರಣಿ ಪಾಳಿ ಮುಗಿಸಿ ಗದಗಿಗೆ ಸೆಕೆಂಡ್ ಶೋಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವನಿಗೆ ಬೇಕಾದದ್ದು ತಿಕೀಟಿನ ಅರ್ಧ ತುಂಡು, ಅಷ್ಟೇ. ಒಳಗೆ ಕತ್ತಲಾಗಿ ಪರದೆಯ ಮೇಲೆ ಆ ಸರ್ಟಿಫಿಕೇಟು ಬಂತೋ, ಸಿಳ್ಳೆಯೋ ಸಿಳ್ಳೆ. ನಾಯಕ ಬಂದಾಗಲೂ ಅಷ್ಟು ಸಿಳ್ಳೆ ಬಿದ್ದದ್ದು ಕಡಿಮೆ. ನಾವು ನೋಡುತ್ತಿದ್ದದ್ದು ರೀಲು ಎಷ್ಟು ಅಂತ ಮಾತ್ರ. ಹದಿನಾರಿದ್ದರೆ ಕೊಟ್ಟ ರೊಕ್ಕಕ್ಕೆ ಮೋಸ ಇಲ್ಲ! ಅದೇ ಕಾಗದದ ಎಡಗಡೆ ಕೆಳಮೂಲೆಯಲ್ಲಿ ಒಂದು ತ್ರಿಕೋನ ಇರತಿತ್ತು, ನೆನಪೈತೇನು? ಅದಿತ್ತಂದರೆ ಕತ್ತರಿ ಆಡೇತಿ ಅಂತ ಅರ್ಥ. ಅದು ತಿಳಿದವನ ಪಕ್ಕ ಕೂತರೆ ಪಿಚ್ಚರೇ ಕೆಟ್ಟಿತು. ಮೂರು ತಾಸೂ "ಇಲ್ಲೇ ಏನೋ ಹಾರಿಸ್ಯಾರ ನೋಡು" ಅಂತ ಗೊಣಗುತ್ತಿರತಾನ. ಇಲ್ಲದ ಸೀನನ್ನು ತಾನೇ ಕಟ್ಟಿಕೊಂಡಿರತಾನ, ಅದೂ ಇದ್ದದ್ದಕ್ಕಿಂತ ಖಾರವಾಗಿ.

ಕತ್ತರಿ ಅಂದಕೂಡಲೆ 'ಸಂಸ್ಕಾರ' ನೆನಪಾಗುತ್ತದೆ. ಬರೆದ ಅನಂತಮೂರ್ತಿಯವರು ತೀರ್ಥಹಳ್ಳಿ ಕಡೆಯವರಾದರೂ 1965ರಲ್ಲಿ ಆ ಕಾದಂಬರಿ ಹೊರಬಂದದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಸಿನಿಮಾದಲ್ಲಿ ಪ್ರಾಣೇಶಾಚಾರ್ಯ ಆದವರೂ ಧಾರವಾಡದಲ್ಲೇ ಕಲಿತ ಗಿರೀಶ ಕಾರ್ನಾಡರು. ಹಂಗಾಗಿ ಅರ್ಧ ಪಾಲು ನಮ್ಮದೇ ಅಂತ ನಾನು ಹಿಡಿದುಕೊಂಡಿದ್ದೇನೆ. ಆಗ ಕನ್ನಡ ಪಿಚ್ಚರ್ ಸೆನ್ಸಾರಿಗೆ ಮದರಾಸಿಗೇ ಹೋಗಬೇಕಿತ್ತು. ಅಲ್ಲಿಯವರು ನೋಡಿದರು, ಜಾತಿ ವಿಷಯ, ಗದ್ದಲ ಆದೀತು ಅಂತ ತಡೆದೇ ಬಿಟ್ಟರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ಸುಮ್ಮನಿರಲಿಲ್ಲ. ಕಡೆಗೆ ದಿಲ್ಲಿಯ ವಾರ್ತಾ ಇಲಾಖೆಯಿಂದ ಬಿಡುಗಡೆ ಸಿಕ್ಕಿತು. ತಮಾಷೆ ಮುಂದೈತಿ ನೋಡ್ರಿ. ಸರಕಾರದ ಒಂದು ಕೈ ತಡೆದದ್ದಕ್ಕೆ ಇನ್ನೊಂದು ಕೈ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಕೊಟ್ಟಿತು. ಗದ್ದಲ ಆದೀತು ಅಂದವರು ಆಮೇಲೆ ಏನು ಅಂದುಕೊಂಡರೋ. ತಡೆಯದೇ ಬಿಟ್ಟಿದ್ದರೆ ಆ ಕರಿ-ಬಿಳಿ ಪಿಚ್ಚರಿಗೆ ಊರೂರಲ್ಲಿ ಅಷ್ಟು ಮಾತು ಹುಟ್ಟುತ್ತಿತ್ತೇ? ನನಗಂತೂ ಸಂಶಯ.

ಅದಿರಲಿ, ಕತ್ತರಿಯಷ್ಟೇ ಅಲ್ಲ, ಕಾಗದದ ಕಾಟವೂ ಐತಿ, ಎತ್ತಿನದೇ ನೋಡ್ರಿ. ಈಗ ಪಿಚ್ಚರಿನಲ್ಲಿ ಒಂದು ಜೋಡಿ ಎತ್ತು ಚಕ್ಕಡಿ ಎಳೆಯಬೇಕೆಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ಮೊದಲಿಗೇ "ಯಾವ ಪ್ರಾಣಿಗೂ ಹಿಂಸೆ ಮಾಡಿಲ್ಲ" ಅಂತ ಬರೆಸಬೇಕು. ತಪ್ಪೇನಿಲ್ಲ, ಮೂಕಪ್ರಾಣಿ. ಆದರೆ ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಓಡುವ ನಮ್ಮ ಎತ್ತು, ಪರದೆ ಮೇಲೆ ಹತ್ತು ಹೆಜ್ಜೆ ಇಡಲಿಕ್ಕೆ ಇಷ್ಟು ಕಾಗದ ಬೇಕು ಅಂತ ಕೇಳಿದರೆ ನಗೋದಿಲ್ಲೇನು? ಬೀಡಿ ಸೇದಿದರಂತೂ ಮೂಲೆಯಲ್ಲಿ ಎಚ್ಚರಿಕೆಯ ಸಾಲು. ಹಳ್ಳಿ ಕಟ್ಟೆಯ ಸೀನಿದ್ದರೆ ಆ ಸಾಲು ಪರದೆ ಬಿಟ್ಟು ಇಳಿಯೋದೇ ಇಲ್ಲ.

ವಯಸ್ಸು ನೋಡಿ ಪಾಲು ಮಾಡೋದಕ್ಕೆ ನನ್ನ ತಕರಾರಿಲ್ಲ. ದೊಡ್ಡವರು ಏನು ನೋಡಬೇಕು ಅಂತ ಇನ್ಯಾರೋ ಕೂತು ಕತ್ತರಿಸೋದಕ್ಕೆ ಐತಿ. ನಿಮ್ಮ ಮನೆಯವ್ವ ಮಾತ್ರ ಒಪ್ಪೋದಿಲ್ಲ, ಗೊತ್ತು. ಆಕೆ ಹೇಳೋದರಲ್ಲೂ ಹುರುಳೈತಿ. ಸಿನಿಮಾಕ್ಕೆ ಇಷ್ಟೆಲ್ಲ ಜಾಲಿಸೋರು, 'ಎ' ಪಿಚ್ಚರನ್ನು ಟೀವಿಗೆ ಹಾಕಬೇಕಾದರೆ ಬೇರೆ ಸರ್ಟಿಫಿಕೇಟೇ ಬೇಕು ಅನ್ನೋರು, ದಿನಾ ಸಂಜೆ ಬರುವ ಧಾರಾವಾಹಿಯನ್ನು ಮೊದಲೇ ನೋಡಿ ಬಿಡುವ ಪದ್ಧತಿ ಇಟ್ಟಿಲ್ಲ. 1995ರ ಕೇಬಲ್ ಕಾಯ್ದೆಯ ಅಡಿಯಲ್ಲಿ ಒಂದು ನೀತಿಸಂಹಿತೆ ಐತಿ, ತಪ್ಪಿದರೆ ಆಮೇಲೆ ದೂರು. ಅಷ್ಟರಲ್ಲಿ ಆ ಸೊಸೆ ಪಾಯಸದಾಗ ವಿಷ ಕಲಸಿ, ಮಾವನಿಗೆ ಬಡಿಸಿ, ಬಾಗಿಲ ಸಂದಿಯಿಂದ ಮೂರು ಸಲ ಕಣ್ಣು ಹೊರಳಿಸಿಯೂ ಆಗಿರತೈತಿ. ಮೊಮ್ಮಕ್ಕಳು ಪಕ್ಕದಾಗೇ ರೊಟ್ಟಿ ಮುರಕೊಂಡು ನೋಡತಿರತಾವ. ಹೌದು, ಮಾವ ನಿನ್ನೆ ಆ ಪಾಯಸ ಉಂಡನೋ ಇಲ್ಲೋ? ನಮ್ಮಲ್ಲಿ ಕರೆಂಟು ಹೋಗಿತ್ತು.