ಮುಳ್ಳಿನ ಮರ್ಜಿ

ನಮ್ಮ ಹಳೇ ವ್ಯಾನಿನ ಎಂಜಿನ್ನು ಇರುವುದು ಮುಂದಿನ ಸೀಟಿನಡಿ. ಅದು ಕಾದ ಸುದ್ದಿ ಮೀಟರಿಗಿಂತ ಮೊದಲು ಕೂತವರಿಗೇ ಮುಟ್ಟುತ್ತದೆ. ಆದರೂ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಅರ್ಧ ಜೀವ ಟೆಂಪರೇಚರ್ ಮುಳ್ಳಿನಲ್ಲೇ ಇರುತ್ತಿತ್ತು. ತಿರುವು ಬಂತೆಂದರೆ ಮುಳ್ಳು ಛಂಗನೆ ಕೆಂಪು ಗೆರೆಗೆ. ನಾನು ತಕ್ಷಣ ಹೀಟರ್ ಹಾಕುತ್ತಿದ್ದೆ. ಎಂಜಿನ್ನಿನ ಬಿಸಿ ಒಳಗೆ ಬಂದಷ್ಟೂ ಅದಕ್ಕೆ ತಂಪು. ಮೇ ತಿಂಗಳಲ್ಲಿ ಹೀಟರ್! ಹಿಂದಿನಿಂದ ಅತ್ತೆಯವರ ದನಿ: “ಅಳಿಯಂದ್ರೇ, ನಮ್ಮನ್ನೇನು ಹಬೆಗಿಟ್ಟಿದ್ದೀರಾ?”

ಕೊನೆಗೆ ವ್ಯಾನನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಕೀ ಆನ್ ಮಾಡಿಸಿ, ಸೆನ್ಸರಿನ ವೈರು ಕಿತ್ತ. ಮುಳ್ಳು ತಳ ಸೇರಿತು. ಅದೇ ವೈರನ್ನು ಎಂಜಿನ್ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ಕೆಂಪಿಗೆ ಹಾರಿತು. “ಮೀಟರ್ ಸರಿ ಇದೆ ಸಾರ್” ಎಂದವನೇ ಸೀಟಿನಡಿ ತಲೆ ತೂರಿಸಿದ. ಸೆನ್ಸರ್ ಕಾದಷ್ಟೂ ಅದರ ವಿದ್ಯುತ್ ತಡೆ ಇಳಿಯುತ್ತದಂತೆ. ಸಿಪ್ಪೆ ಸುಲಿದ ಅದರ ವೈರು ತಿರುವಿನಲ್ಲಿ ವಾಲಿ ವ್ಯಾನಿನ ತಗಡಿಗೆ ತಗುಲಿದರೂ ಮೀಟರಿನ ಪಾಲಿಗೆ ಎಂಜಿನ್ನು ಕುದಿಯುತ್ತಿದ್ದಂತೆಯೇ! ಒಂದು ಗೇಣು ಕಪ್ಪು ಟೇಪಿನಲ್ಲಿ ರೋಗ ವಾಸಿ. ಅಷ್ಟರಲ್ಲಾಗಲೇ ನಾನು ರೇಡಿಯೇಟರ್, ಥರ್ಮೋಸ್ಟಾಟ್, ನೀರಿನ ಪಂಪು ಎಲ್ಲದರ ಮೇಲೂ ಗುಮಾನಿಪಟ್ಟು ಮುಗಿಸಿದ್ದೆ.

ಈಗ ಮುಳ್ಳು ನಟ್ಟನಡುವೆ ನಿಂತಿದೆ, ಮಿಸುಕುವುದಿಲ್ಲ. ಇಷ್ಟು ಸಭ್ಯವಾಗಿದ್ದರೆ ಅನುಮಾನ ಬಾರದೇ? ನೀರು ತೀರಾ ಇಳಿದರೆ ಸೆನ್ಸರಿಗೆ ಬಿಸಿ ನೀರು ತಾಗದೆ ಮುಳ್ಳು ತಂಪೆಂದೇ ತೋರಿಸಬಹುದು ಎಂದು ಆ ಹುಡುಗ ಹೊರಡುವಾಗ ಬೇರೆ ಹೇಳಿದ್ದಾನೆ. ಹಾಗಾಗಿ ಆಗಾಗ ಗಾಜಿನ ಮೇಲೆ ತಟ್ಟಿ ನೋಡುತ್ತೇನೆ.

“ಸುಮ್ನೆ ಓಡಿಸ್ರೀ, ಅದಕ್ಕೂ ಬಿ.ಪಿ. ಬರಿಸ್ಬೇಡಿ” ಎನ್ನುತ್ತಾಳೆ ಹೆಂಡತಿ.