ಬೀರುವಿನೊಳಗೆ ಜೋಪಾನ

ಕುವೈತ್‌ನ ಗುತ್ತಿಗೆ ಕಂಪನಿಯೊಂದರ ಕಚೇರಿ. ಕಬ್ಬಿಣದ ಬೀರುವಿನಲ್ಲಿ ನೀಲಿ ಪಾಸ್‌ಪೋರ್ಟ್‌ಗಳು ರಬ್ಬರ್‌ಬ್ಯಾಂಡ್ ಬಿಗಿದುಕೊಂಡು ಕಟ್ಟುಕಟ್ಟಾಗಿ ಮಲಗಿವೆ. ಪತ್ರಿಕೆಯ ಪ್ರತಿನಿಧಿಗೆ ಮಾತಿಗೆ ಸಿಕ್ಕಿದ್ದು ಕಟ್ಟಿನ ತಳದಲ್ಲಿದ್ದ ಒಂದು, ಕುಂದಾಪುರ ಕಡೆಯ ಸೆಂಟ್ರಿಂಗ್ ಕೆಲಸಗಾರನದು. ಮೇಲಿನವರ ಭಾರಕ್ಕೆ ಬೆನ್ನು ಬಾಗಿದ್ದರೂ ನಾಲಿಗೆ ಮಾತ್ರ ಚುರುಕು.

ತಮ್ಮ ಮಾಲೀಕರು ಯಾರು ಎಂಬ ಮೊದಲ ಪ್ರಶ್ನೆಗೇ ಅದು ರೇಗಿತು. "ಫೋಟೋ ಅವನದು, ಸಹಿ ಅವನದು, ಫೀಸು ಕಟ್ಟಿದ್ದೂ ಅವನೇ. ಆದರೆ 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ನಾನು ಕೇಂದ್ರ ಸರ್ಕಾರದ ಸೊತ್ತು. ಬೀಗದ ಕೈ ಕಂಪನಿಯ ಮಂದೂಬನ, ಅಂದರೆ ಸರ್ಕಾರಿ ಕಾಗದಪತ್ರ ಓಡಾಡಿಸುವವನ, ಜೇಬಿನಲ್ಲಿ. ಇದರಲ್ಲಿ ಮಾಲೀಕ ಯಾರು, ನೀವೇ ಹೇಳಿ."

ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ತಪ್ಪಲ್ಲವೇ?

"ತಪ್ಪೇ. ಕತಾರಿನಲ್ಲಾದರೆ 25,000 ರಿಯಾಲ್‌ವರೆಗೆ ದಂಡ. ಕುವೈತ್ ಕೂಡ ಮನೆಗೆಲಸದವರಿಗಾಗಿ 2015ರಲ್ಲಿ ಮಾಡಿದ ಕಾನೂನಿನಲ್ಲಿ ಇದನ್ನು ನಿಷೇಧಿಸಿದೆ. ಆದರೆ ಇಲ್ಲಿ ಯಾರು ಕಿತ್ತುಕೊಂಡರು ಸ್ವಾಮಿ? ಜೋಪಾನ ಮಾಡಿದ್ದಾರೆ. ಅದಕ್ಕೆ ಅವನದೇ ಒಪ್ಪಿಗೆ ಪತ್ರ ಉಂಟು, ಅರಬ್ಬಿಯಲ್ಲಿ. ಅವನು ಓದಿದ್ದು ಎಂಟನೇ ಕ್ಲಾಸು, ಕನ್ನಡ ಮೀಡಿಯಂ."

ಎಂಟಕ್ಕೆ ನಿಂತ ಕಾರಣಕ್ಕೇ ಈ ಪುಸ್ತಕ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕಾದವರ) ಗುಂಪಿಗೆ ಬಿದ್ದಿದೆ. ಹತ್ತನೇ ತರಗತಿ ದಾಟದವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೊರಟರೆ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ. ಜೊತೆಗೆ 10 ಲಕ್ಷ ರೂಪಾಯಿ ವಿಮೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ.

"ರಸೀದಿಯಲ್ಲಿ ಅಷ್ಟೇ ಇದೆ," ಎಂದಿತು ಪಾಸ್‌ಪೋರ್ಟ್. "ಉಳಿದದ್ದು, ಹೆಂಡತಿಯ ಕರಿಮಣಿ ಅಡವಿಟ್ಟ ಸೊಸೈಟಿಯ ಚೀಟಿಯಲ್ಲಿದೆ."

2018ರ ಜನವರಿಯಲ್ಲಿ ಇಸಿಆರ್‌ನವರಿಗೆಂದೇ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ತರುವುದಾಗಿ ಕೇಂದ್ರ ಹೇಳಿ, ಟೀಕೆ ಏಳುತ್ತಲೇ ಅದೇ ತಿಂಗಳ ಕೊನೆಗೆ ಕೈಬಿಟ್ಟಿತ್ತು. ಅದನ್ನು ನೆನೆದು ಪುಸ್ತಕ ಪಟಪಟನೆ ಹಾಳೆ ಬಡಿದು ನಕ್ಕಿತು. "ಇವನು ಓದಿದವನಲ್ಲ ಅಂತ ವಿಮಾನ ನಿಲ್ದಾಣದ ಆ ತುದಿಯಿಂದಲೇ ಕಾಣಲಿ ಅಂತ! ಪುಣ್ಯಕ್ಕೆ ಬಚಾವಾದೆ."

ಕುವೈತ್‌ನದೇ ಮಂಗಫ್ ಹೆಸರೆತ್ತಿದಾಗ ನಗು ನಿಂತಿತು. ಅಲ್ಲಿ 2024ರ ಜೂನ್ 12ರ ನಸುಕಿನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಸತ್ತವರಲ್ಲಿ ಕನಿಷ್ಠ 45 ಮಂದಿ ಭಾರತೀಯರು. "ಈ ಬೀರುವಿಗೆ ಬೆಂಕಿ ತಾಗದು ಅಂತ ಗ್ಯಾರಂಟಿ ಕಾರ್ಡ್ ಇದೆ. ಅವನು ಕ್ಯಾಂಪಿನಲ್ಲಿ ಆರು ಜನರ ಕೋಣೆಯ ಮೇಲಿನ ಮಂಚದಲ್ಲಿದ್ದಾನೆ. ಇದ್ದ ಒಂದು ಕಿಟಕಿಗೆ ಎಸಿ ಕೂರಿಸಿದ್ದಾರೆ. ಯಾವುದನ್ನು ಜೋಪಾನ ಮಾಡಬೇಕು ಅಂತ ಕಂಪನಿಗೆ ಚೆನ್ನಾಗಿ ಗೊತ್ತು."

ಸುಧಾರಣೆಗಳೂ ಆಗುತ್ತಿವೆಯಲ್ಲ ಎಂದು ಪ್ರತಿನಿಧಿ ಸಮಾಧಾನಕ್ಕಿಳಿದರು. ಕತಾರ್ 2020ರ ಹೊತ್ತಿಗೆ ಬಹುತೇಕ ಎಲ್ಲರಿಗೂ ಎಕ್ಸಿಟ್ ಪರ್ಮಿಟ್ ರದ್ದು ಮಾಡಿದೆ.

"ಕುವೈತ್ 2025ರ ಜುಲೈ 1ರಿಂದ ಅದನ್ನೇ ಹೊಸದಾಗಿ ಶುರು ಮಾಡಿದೆ. ಖಾಸಗಿ ಕಂಪನಿಯ ವಿದೇಶಿ ಕೆಲಸಗಾರ ದೇಶ ಬಿಡಬೇಕಾದರೆ ಕಂಪನಿ ಆನ್‌ಲೈನ್‌ನಲ್ಲೇ ಒಪ್ಪಿಗೆ ಒತ್ತಬೇಕು. ನನ್ನನ್ನು ಕೂಡಿಹಾಕುವ ಅಗತ್ಯವೇ ಇಲ್ಲ. ಪಾಪ, ಬೀರುವಿನ ಕೆಲಸಕ್ಕೇ ಸಂಚಕಾರ!"

ಹಾಗಾದರೆ ಇಬ್ಬರ ಭೇಟಿ ಯಾವಾಗ?

"ಮುಂದಿನ ವರ್ಷ ನನ್ನ ಅವಧಿ ಮುಗಿಯುತ್ತದೆ. ನವೀಕರಣಕ್ಕೆ ಅವನೇ ಖುದ್ದು ಹೋಗಬೇಕಲ್ಲ? ಕೌಂಟರಿನವರೆಗೆ ಅವನ ಕೈಯಲ್ಲೇ ಇರುತ್ತೇನೆ. ಸರದಿ ಉದ್ದವಿದ್ದರೆ ಎರಡು ತಾಸು ಸಿಕ್ಕೀತು."