ಕನಸಿನ ಕೊಟ್ಟಿಗೆ: ಒಂದು ಶಾಸ್ತ್ರೀಯ ಜಿಜ್ಞಾಸೆ

ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಮೂವತ್ತೈದು ದಾಟುತ್ತಿದ್ದಂತೆ, ಬಹುಮಟ್ಟಿಗೆ ಅಪ್ರೈಸಲ್ ಮುಗಿದ ವಾರದಲ್ಲೇ, ಡೇರಿ ಫಾರ್ಮಿನ ಕನಸು ಬೀಳತೊಡಗುತ್ತದೆ. ಇದನ್ನು ವಿದ್ವಾಂಸರು ಈವರೆಗೆ ಕಡೆಗಣಿಸಿದ್ದಾರೆ. ಆ ಕೊರತೆ ನೀಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ಊರಾಚೆ ಐದೆಕರೆ, ತಂತಿಬೇಲಿ, ಇಪ್ಪತ್ತು ಹಸು, ಯಜಮಾನನಿಗೊಂದು ಆರಾಮ ಕುರ್ಚಿ. ಪಾಠಾಂತರವಿರುವುದು ತಳಿಯ ವಿಷಯದಲ್ಲಿ ಮಾತ್ರ. ಗಿರ್ ಪಂಥದವರು ತುಪ್ಪ ಮಾರಬೇಕೆಂದಿರುತ್ತಾರೆ, ಎಚ್‌ಎಫ್ ಪಂಥದವರು ಹಾಲು. ಸಗಣಿ ಬಾಚುವವರು ಯಾರು ಎಂಬ ಬಗ್ಗೆ ಎರಡೂ ಪಂಥಗಳ ಆಕರಗಳು ಮೌನವಾಗಿವೆ.

ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾದ ಪ್ರಮಾಣಗಳುಂಟು. ನಮ್ಮ ಕನಸುಗಾರನಿಗೆ ಶಬ್ದವೊಂದೇ ಸಾಕು, ಅದು ಯೂಟ್ಯೂಬಿನಿಂದ ಬರುತ್ತದೆ. ವಿಡಿಯೊದ ಹಸುಗಳು ಸದಾ ಮೈ ತೊಳೆಸಿಕೊಂಡು ನಿಂತಿರುತ್ತವೆ. ಪ್ರತ್ಯಕ್ಷಕ್ಕೆ ಊರಿನಲ್ಲಿ ದೊಡ್ಡಮ್ಮನ ಕೊಟ್ಟಿಗೆ ಇದೆ ನಿಜ, ಆದರೆ ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಇನ್ನು ಚರಿತ್ರೆ. ಈ ಸಂಪ್ರದಾಯದ ಆದಿಪುರುಷ ಗೋವಿನ ಹಾಡಿನ ಕಾಳಿಂಗನೆಂದು ಊಹಿಸಲು ಆಧಾರಗಳಿವೆ. ಮಾವಿನ ಮರದಡಿ ಕೊಳಲು, ಹೆಸರು ಹಿಡಿದು ಕರೆದರೆ ಓಡಿಬರುವ ಹಸುಗಳು, ಮೇವಿಗೆ ಪುಕ್ಕಟೆ ಕಾಡು. ಹಿಂಡಿ, ಬೂಸಾದ ಪ್ರಸ್ತಾಪವೇ ಇಲ್ಲ. ಇದ್ದ ಒಂದೇ ಗಂಡಾಂತರವೆಂದರೆ ಹುಲಿ, ಅದೂ ಕಡೆಗೆ ಪಶ್ಚಾತ್ತಾಪಪಟ್ಟು ತಾನೇ ಸತ್ತಿತು. ಕಾಲುಬಾಯಿ ಜ್ವರಕ್ಕೆ ಅಷ್ಟು ಸೌಜನ್ಯವಿಲ್ಲ.

ದಾಖಲೆಯಿರುವ ದೊಡ್ಡ ಹಿಂಡು ಬೇಕಾದರೆ ಮೈಸೂರು ಅರಸರದನ್ನೇ ನೋಡಬಹುದು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು, ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಈಗಲೂ ಇದೆ. ಆದರೆ ಆ ಎತ್ತುಗಳು ಹೆಸರಾದದ್ದು ದಂಡಿನ ತೋಪು, ಸರಂಜಾಮು ಎಳೆದು. ಮೇಯಲು ಕಾವಲುಗಳಿದ್ದವು, ಖರ್ಚಿಗೆ ಖಜಾನೆಯಿತ್ತು. ಇಎಂಐ ಮಾತ್ರ ಇರುವವರಿಗೆ ಈ ಮಾದರಿ ಒಗ್ಗದು.

ಕಾನೂನಿನ ದೃಷ್ಟಿಯಿಂದಲೂ ವಿಷಯ ರೋಚಕವಾಗಿದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಪ್ರಕಾರ ಬೇಸಾಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2020ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆದುಹಾಕಿತು. ಆ ಕಲಂ ರೈತನನ್ನು ಕಾಪಾಡುತ್ತಿತ್ತೆಂದು ಅನೇಕರು ವಾದಿಸಿದರು. ನಮ್ಮ ಸಂಶೋಧನೆಯಂತೆ ಅದು ಇಷ್ಟು ವರ್ಷ ಕಾಪಾಡಿದ್ದು ಇಂಜಿನಿಯರನ್ನು.

ಈಗ ಗಣಿತಕ್ಕೆ ಬರೋಣ, ಕನಸು ಗಟ್ಟಿಯಾಗುವುದೇ ಎಕ್ಸೆಲ್ ಹಾಳೆಯಲ್ಲಿ. ಇಪ್ಪತ್ತು ಹಸು, ತಲಾ 15 ಲೀಟರ್, ದಿನಕ್ಕೆ 300, ವರ್ಷಕ್ಕೆ 1,09,500 ಲೀಟರ್. ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಹಸುವಿನಲ್ಲಿ. ಅದು ಈದ ಮೇಲೆ ಹತ್ತು ತಿಂಗಳು ಕರೆದರೆ ಹೆಚ್ಚು, ಮುಂದಿನ ಕರುವಿಗೆ ಮುಂಚೆ ಎರಡು ತಿಂಗಳು ಹಾಲು ಬತ್ತಿಸಲೇಬೇಕು. ಆ 15 ಲೀಟರಾದರೂ ಈದ ಎರಡನೇ ತಿಂಗಳಿನ ಅಳತೆ, ಮೇಲಾಗಿ ಮಾರಿದವನು ಹೇಳಿದ್ದು. ಬತ್ತಿದ ಹಸು ಮೇವು ಬಿಡುವುದಿಲ್ಲ. ಹಸುವೊಂದಕ್ಕೆ ದಿನಕ್ಕೆ 25 ಕಿಲೋ ಹಸಿಮೇವು ಎಂದರೂ ಇಪ್ಪತ್ತಕ್ಕೆ ದಿನವೂ ಅರ್ಧ ಟನ್ ನೇಪಿಯರ್ ಕೊಯ್ಯಬೇಕು, ಹೊರಬೇಕು, ಕತ್ತರಿಸಬೇಕು.

ಬೆದೆಯ ಪ್ರಕರಣ ಇದಕ್ಕಿಂತ ಸೂಕ್ಷ್ಮ. ಹಸು ರಾತ್ರಿಯಿಡೀ ಕೂಗುತ್ತದೆ, ಬಾಲದ ಬುಡದಲ್ಲಿ ಗಾಜಿನಂಥ ಲೋಳೆ ಇಳಿಯುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುಬೆಳಿಗ್ಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಹಾಕಿಸಬೇಕು. ಆ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಹಾಕುವವನ ಫೋನು ಸ್ವಿಚ್ ಆಫ್. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಎಕ್ಸೆಲ್‌ನಲ್ಲಿ ಈ 21 ದಿನಕ್ಕೆ ಕಾಲಮ್ಮು ಇರುವುದಿಲ್ಲ.

ಪೂರ್ವಪಕ್ಷ ಮಂಡಿಸಿದವರು ದೊಡ್ಡಮ್ಮ. ಅವರದು ಒಂದೇ ಪ್ರಶ್ನೆ: “ಭಾನುವಾರ ಯಾರು ಕರೀತಾರಪ್ಪಾ?” ಸಿದ್ಧಾಂತಿ “ಆಳು ಇಡ್ತೀನಿ ದೊಡ್ಡಮ್ಮ” ಎಂದ. “ಆಳು ಹಬ್ಬಕ್ಕೆ ಊರಿಗೆ ಹೋದಾಗ?” ವಾದ ಅಲ್ಲಿಗೆ ನಿಂತಿದೆ. ಆರು ದರ್ಶನಗಳಲ್ಲೂ ಇದಕ್ಕೆ ಸಮಾಧಾನ ದೊರೆಯಲಿಲ್ಲ.

ಕಡೆಯ ಪರೀಕ್ಷೆ ನಡೆಯುವುದು ಊರ ಹಾಲಿನ ಡೇರಿಯಲ್ಲಿ. ಕ್ಯಾನುಗಳ ಸಾಲು ಮುಂದೆ ಸರಿಯುತ್ತದೆ. ಸೆಕ್ರೆಟರಿ ಸೌಟಿನಷ್ಟು ಹಾಲು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಫ್ಯಾಟು 3.5, ಎಸ್‌ಎನ್‌ಎಫ್ ಎಂಬ ಕೊಬ್ಬೇತರ ಘನಾಂಶ 8.5 ಇರಬೇಕಾದ ಕಡೆ ಚೀಟಿಯಲ್ಲಿ 8.1 ಬರುತ್ತದೆ. “ಡಿಗ್ರಿ ಬಂದಿಲ್ಲ ಸಾರ್.” ಎಂಟೆಕ್ ಮಾಡಿದವನಿಗೆ ಈ ಮಾತು ನಾಟುವಷ್ಟು ಬೇರೆ ಯಾರಿಗೂ ನಾಟದು. ಹಿಂದೆ ನಿಂತ ಅಜ್ಜಿಯ ಎರಡು ಲೀಟರಿಗೆ 8.6 ಬಂದಿರುತ್ತದೆ.

ಇಷ್ಟು ಓದಿದ ಮೇಲೂ ಕನಸು ಇಳಿಯದಿದ್ದರೆ ಪ್ರಬಂಧಕಾರನ ಶಿಫಾರಸು ಇದು: ಇಪ್ಪತ್ತು ಬೇಡ, ಎರಡು ಹಸು ತನ್ನಿ. ಅವು ಈಯುವ ಕಾಲದಲ್ಲಿ ಆರು ತಿಂಗಳ ಅಂತರವಿರಲಿ, ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತದೆ. ಕೆಲಸಕ್ಕೆ ಮಾತ್ರ ಈಗಲೇ ರಾಜೀನಾಮೆ ಕೊಡಬೇಡಿ, ಹಿಂಡಿಯ ಅಂಗಡಿಯವನು ಸಾಲ ಕೊಡುವುದು ಸಂಬಳ ಬರುವವರಿಗೆ.